ಮೋಟಾರು ಗಾಡಿಯ ಕೆಂಪು ದೀಪ: ಒಂದು ಚಾರಿತ್ರಿಕ ವಿವೇಚನೆ

ಮೋಟಾರು ಗಾಡಿಯ ಚಾಲಕನ ಮುಂದಣ ಫಲಕದಲ್ಲಿ ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪವೊಂದುಂಟು. ಅದು ಉರಿದೊಡನೆ ಬ್ಯಾಟರಿ ಕೆಟ್ಟಿತೆಂದು ಬಗೆದು ಹೊಸದನ್ನು ಕೊಳ್ಳುವವರು ಬಹುಮಂದಿ. ಕೆಲವೇ ದಿನಗಳಲ್ಲಿ ಅದೂ ಬರಿದಾಗುತ್ತದೆ. ಈ ದೀಪ ಏನನ್ನು ಹೇಳುತ್ತದೆಂಬುದನ್ನು ಅದರ ಚಿತ್ರಕ್ಕಿಂತ ಅದರ ಚರಿತ್ರೆಯೇ ಚೆನ್ನಾಗಿ ತಿಳಿಸಬಲ್ಲುದೆಂದು ನಾವು ಭಾವಿಸುತ್ತೇವೆ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಿತು. ತರುವಾಯ ಬ್ಯಾಟರಿಯೂ ಅದನ್ನು ತುಂಬುವ ಡೈನಮೋವೂ ಗಾಡಿಗಳ ಸಾಮಾನ್ಯ ಅಂಗಗಳಾದುವು. ಆ ವ್ಯವಸ್ಥೆಯಲ್ಲಿ ದೀಪದ ಒಂದು ತಂತಿ ಬ್ಯಾಟರಿಯ ಕಡೆಗೂ ಇನ್ನೊಂದು ಡೈನಮೋವಿನ ಕಡೆಗೂ ಸೇರಿರುತ್ತಿದ್ದಿತು. ಎರಡು ಕಡೆಯ ವೋಲ್ಟೇಜು ಸಮವಾದಾಗ ದೀಪ ಆರುತ್ತಿದ್ದಿತು. ಬಲ್ಬು ಸುಟ್ಟುಹೋದರೂ ಡೈನಮೋ ತನ್ನ ಕಬ್ಬಿಣದಲ್ಲಿ ಉಳಿದ ಕಾಂತತೆಯ ಬಲದಿಂದ ಕೆಲಸ ಸಾಗಿಸುತ್ತಿದ್ದಿತು. ದೀಪ ಕೇವಲ ಸಾಕ್ಷಿಯಾಗಿದ್ದಿತು. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಮಿನುಗುವುದೂ ದೋಷವೆನಿಸುತ್ತಿರಲಿಲ್ಲ.

ಆಲ್ಟರ್ನೇಟರ್ ಬಂದ ಮೇಲೆ ಸಾಕ್ಷಿಯೇ ಪಾತ್ರಧಾರಿಯಾಯಿತು. 1960ರ ಕ್ರೈಸ್ಲರ್ ವೇಲಿಯಂಟ್ ಗಾಡಿಯ ಕಾಲದಿಂದ ಹರಡತೊಡಗಿದ ಈ ಯಂತ್ರದ ಅನೇಕ ಮಾದರಿಗಳಲ್ಲಿ, ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಒಳಗಿನ ಸುರುಳಿಗೆ ಮೊದಲ ಕಾಂತತೆಯನ್ನು ಕೊಡುತ್ತದೆ. ಬಲ್ಬು ಸುಟ್ಟರೆ ಚಾರ್ಜೇ ಆಗದಿರಬಹುದು. ಆದಕಾರಣ ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನು ತಿರುಗಿಸಿದಾಗ ದೀಪ ಉರಿಯಲೇಬೇಕು. ಉರಿಯದ ದೀಪವನ್ನು ಶುಭಸೂಚನೆಯೆಂದು ತಿಳಿಯುವುದು ದೊಡ್ಡ ಪ್ರಮಾದ. ಬಲ್ಬು, ತಂತಿ, ಬ್ರಷ್ಷುಗಳನ್ನು ಆಗಲೇ ನೋಡಬೇಕು. ಎಂಜಿನ್ ಓಡುವಾಗಲೂ ಉರಿಯುತ್ತಿದ್ದರೆ ಮೊದಲು ಬೆಲ್ಟು, ಅನಂತರ ವೋಲ್ಟ್‌ಮೀಟರು. ತುಂಬಿದ ಬ್ಯಾಟರಿ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟನ್ನೂ, ಓಡುವ ಎಂಜಿನ್ನಿನೊಡನೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟನ್ನೂ ತೋರಿಸಬೇಕು. ಇಷ್ಟಿದ್ದೂ ದೀಪ ಆರದಿದ್ದರೆ ದೀಪದ ತಂತಿ ಗಾಡಿಯ ಲೋಹಕ್ಕೆ ತಾಗಿರುವ ಸಂಭವವುಂಟು. ಮಂಕಾಗಿ ಉರಿದರೆ ಡಯೋಡಿನ ಮೇಲೆ ಸಂಶಯಪಡಬೇಕು.

ಯಂತ್ರ ಬದಲಾದರೂ ಅಭ್ಯಾಸ ಬದಲಾಗಲಿಲ್ಲವೆಂಬುದು ಚರಿತ್ರಕಾರನು ಗಮನಿಸತಕ್ಕ ವಿಷಯ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ, ಗಾಡಿ ನಿಲ್ಲದಿದ್ದರೆ ಚಾರ್ಜು ಸರಿಯಿದೆಯೆಂದು ತೀರ್ಮಾನಿಸುವುದು ಡೈನಮೋ ಕಾಲದ ಗ್ಯಾರೇಜು ಪದ್ಧತಿ. ಆಲ್ಟರ್ನೇಟರಿನಲ್ಲಿ ಹೀಗೆ ಮಾಡಿದರೆ ವೋಲ್ಟೇಜು ಥಟ್ಟನೆ ಏರಿ ಡಯೋಡುಗಳು ಸುಡಬಹುದು. ಪರೀಕ್ಷೆಯೇ ರೋಗವನ್ನು ತಂದಿಡುತ್ತದೆ. ಈ ಪದ್ಧತಿ ಇಂದಿಗೂ ಅಳಿದಿಲ್ಲ.

ಬೆಂಗಳೂರಿನ ಹೊಸೂರು ರಸ್ತೆಯ ಆಸುಪಾಸಿನಲ್ಲಿ ಈ ಚರಿತ್ರೆಯ ಮುಂದಿನ ಎರಡು ಘಟ್ಟಗಳನ್ನು ಕಾಣಬಹುದು. 1951ರಲ್ಲಿ ಮೈಕೋ ಎಂಬ ಹೆಸರಿನಿಂದ ಸ್ಥಾಪಿತವಾಗಿ 2008ರಲ್ಲಿ ಬಾಷ್ ಎಂದು ಹೆಸರಾದ ಸಂಸ್ಥೆ, ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ನಾಗನಾಥಪುರದಲ್ಲಿ ಸ್ಟಾರ್ಟರುಗಳನ್ನೂ ಆಲ್ಟರ್ನೇಟರುಗಳನ್ನೂ ತಯಾರಿಸಿತು. ಜಾಗತಿಕ ಬಾಷ್ ಸಮೂಹದ ಆ ವಿಭಾಗ 2018ರಲ್ಲಿ ಸೆಗ್ ಆಟೋಮೋಟಿವ್ ಎಂಬ ಬೇರೆ ಸಂಸ್ಥೆಯಾಯಿತು. ಇತ್ತೀಚಿನ ಅನೇಕ ಗಾಡಿಗಳಲ್ಲಿ ದೀಪವನ್ನು ಹೊತ್ತಿಸುವುದು ಗಾಡಿಯ ಕಂಪ್ಯೂಟರು. ಅಲ್ಲಿ ದೀಪ ಮತ್ತೆ ಬರಿಯ ಸಾಕ್ಷಿಯಾಗಿದೆ, ಅದೂ ಕೇಳಿದ್ದನ್ನು ಹೇಳುವ ಸಾಕ್ಷಿ.

ಎರಡನೆಯ ಘಟ್ಟ ಅದೇ ರಸ್ತೆಯಲ್ಲಿ ಮುಂದೆ, ಬೊಮ್ಮಸಂದ್ರದಲ್ಲಿ. 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಗಾಡಿ ಅಲ್ಲಿ ತಯಾರಾಯಿತು. 48 ವೋಲ್ಟಿನ ಬ್ಯಾಟರಿ ಸಮೂಹವನ್ನು ಮನೆಯ ಪ್ಲಗ್ಗಿನಿಂದಲೇ ತುಂಬಬಹುದಾಗಿದ್ದ ಈ ಗಾಡಿಗೆ ಡೈನಮೋವೂ ಇರಲಿಲ್ಲ, ಆಲ್ಟರ್ನೇಟರೂ ಇರಲಿಲ್ಲ. ಈಚಿನ ವಿದ್ಯುತ್ ಗಾಡಿಗಳ ಫಲಕದಲ್ಲಿಯೂ ಹಳೆಯ ಕೆಂಪು ಚಿತ್ರ ಉಳಿದುಬಂದಿದೆ. ಅದು ಉರಿದಾಗ ಬೆಲ್ಟನ್ನು ಹುಡುಕಿ ಫಲವಿಲ್ಲ. 12 ವೋಲ್ಟಿನ ಸಣ್ಣ ಬ್ಯಾಟರಿಗೆ ದೊಡ್ಡ ಬ್ಯಾಟರಿಯಿಂದ ವಿದ್ಯುತ್ತನ್ನು ಇಳಿಸಿಕೊಡುವ ಪರಿವರ್ತಕವನ್ನು ಪರೀಕ್ಷಿಸಬೇಕು.