ಪ್ರೊಸೆಸರುಗಳ ಬಲಪರೀಕ್ಷೆ

ಪ್ರತಿಸ್ಪರ್ಧಿಗಳಾದ ಗಣಕ ಪ್ರೊಸೆಸರುಗಳಿಗೆ ಒಂದೇ ಕೆಲಸವನ್ನು ಹೊರಿಸಿ, ಯಾವುದು ಅದನ್ನು ಬೇಗನೆ ಮುಗಿಸುವುದು, ಯಾವುದು ಬಹುಹೊತ್ತಿನ ಹೊರೆಯನ್ನು ತಾಳಿಕೊಳ್ಳುವುದು ಎಂಬುದನ್ನು ಅಳೆಯುವ ಕ್ರಮವೇ ಬಲಪರೀಕ್ಷೆ. ಆ ಕೆಲಸವನ್ನು ಆರಿಸುವವರು ಯಾರು, ಅದು ಯಾವ ಯಂತ್ರದ ಮೈಕಟ್ಟಿಗೆ ಒಗ್ಗುವಂಥದು ಎಂಬ ಪ್ರಶ್ನೆಗಳಿಂದ ಇದರ ನ್ಯಾಯಾನ್ಯಾಯದ ವಿವಾದವು ಹುಟ್ಟಿತು.

1972ರ ವೆಟ್‌ಸ್ಟೋನ್, 1984ರ ಡ್ರೈಸ್ಟೋನ್ ಇವು ಪರೀಕ್ಷೆಗೆಂದೇ ಹೆಣೆದ ಕೃತಕ ಕ್ರಮವಿಧಿಗಳು. ಜ್ಯಾಕ್ ಡೊಂಗಾರಾ 1979ರಲ್ಲಿ ಪ್ರಚಾರಕ್ಕೆ ತಂದ ಲಿನ್‌ಪ್ಯಾಕ್ ಸಮೀಕರಣಗಳ ಸಮೂಹವನ್ನು ಬಿಡಿಸುವಂಥದು. ಕೃತಕ ಪರೀಕ್ಷೆಗಳ ಮೇಲಣ ಅತೃಪ್ತಿಯಿಂದ 1988ರಲ್ಲಿ ಸ್ಪೆಕ್ ಸಂಸ್ಥೆಯು ಹುಟ್ಟಿ, ನಿಜವಾದ ಕಾರ್ಯಗಳನ್ನೇ ಒರೆಗಲ್ಲಾಗಿ ಇರಿಸಿತು. ಆದರೂ ಅದರ ಮೊದಲ ಸಂಪುಟದಲ್ಲಿದ್ದ ಮ್ಯಾಟ್ರಿಕ್ಸ್300 ಎಂಬ ಪರೀಕ್ಷೆಯನ್ನು, ಕ್ರಮವಿಧಿಯನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಕಂಪೈಲರುಗಳು ಹೊಸ ಕ್ರಮದಲ್ಲಿ ಜೋಡಿಸಲು ಕಲಿತೊಡನೆ, ಯಂತ್ರವು ಕಿಂಚಿತ್ತೂ ಬದಲಾಗದೆ ಅಂಕಗಳು ಮಾತ್ರ ಹಲವು ಪಟ್ಟು ಏರಿದುದರಿಂದ, 1992ರ ಸಂಪುಟದಿಂದ ಅದನ್ನು ಕೈಬಿಡಬೇಕಾಯಿತು.

ಕನ್ನಡ ನಾಡಿನ ಮಟ್ಟಿಗೆ ಈ ನ್ಯಾಯಾನ್ಯಾಯದ ಪ್ರಶ್ನೆಯು ಅತ್ಯಂತ ಗಂಭೀರವಾಗಿ ಎದುರಾದುದು ಬೆಂಗಳೂರಿನಲ್ಲಿ. ಅಲ್ಲಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಯು. ಎನ್. ಸಿನ್ಹಾ ಅವರ ನೇತೃತ್ವದಲ್ಲಿ 1986ರಲ್ಲಿ ಹಲವು ಪ್ರೊಸೆಸರುಗಳು ಒಟ್ಟಿಗೆ ದುಡಿಯುವ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವು ಸಿದ್ಧವಾಯಿತು. 1990ರ ದಶಕದ ಮೊದಲರ್ಧದಲ್ಲಿ ಫ್ಲೋಸಾಲ್ವರ್, ಪರಮ್, ಅನುಪಮ್ ಮೊದಲಾದ ದೇಶೀಯ ಯಂತ್ರಗಳಿಗೆ, ಟಿ-80 ಎಂಬ ಹವಾಮಾನದ ಗಣಿತಪ್ರತಿರೂಪವನ್ನು ಹೊರಿಸಿ, ದೆಹಲಿಯಲ್ಲಿದ್ದ ಅಮೆರಿಕದ ಕ್ರೇ ಎಕ್ಸ್‌ಎಂಪಿ ಯಂತ್ರದೊಡನೆ ಹೋಲಿಸಲಾಯಿತು. ಈ ದೇಶೀಯ ಯಂತ್ರಗಳಲ್ಲಿ ಆಗ ಬಳಕೆಯಾದ ಐ860 ಪ್ರೊಸೆಸರಿನ ಗರಿಷ್ಠ ವೇಗ ಸೆಕೆಂಡಿಗೆ 8 ಕೋಟಿ ಲೆಕ್ಕಗಳು; ಕ್ರೇಯ ಒಂದು ಪ್ರೊಸೆಸರಿನದು 20 ಕೋಟಿಗೂ ಮಿಕ್ಕಿದುದು. ಬರಿಯ ಗುಣಾಕಾರದಿಂದ ಹೇಳುವುದಾದರೆ ಮೂರೋ ನಾಲ್ಕೋ ಐ860ಗಳು ಕ್ರೇಯನ್ನು ಸರಿಗಟ್ಟಬೇಕಾಗಿತ್ತು. ಹಾಗಾಗಲಿಲ್ಲ; ಏಕೆಂದರೆ ಕಂಪೈಲರ್ ಬರೆದ ಆದೇಶಗಳು ಆ ಗರಿಷ್ಠದ ಅಲ್ಪಭಾಗವನ್ನಷ್ಟೇ ಮುಟ್ಟುತ್ತಿದ್ದವು, ಮೇಲಾಗಿ ಭೂಗೋಳದ ವಾಯುಮಂಡಲವನ್ನು ಅಲೆಗಳಾಗಿ ಬಿಡಿಸುವ ಈ ಗಣಿತದಲ್ಲಿ ಪ್ರತಿಯೊಂದು ಪ್ರೊಸೆಸರೂ ಉಳಿದವುಗಳ ಉತ್ತರಕ್ಕಾಗಿ ಕಾದು ನಿಲ್ಲಬೇಕಾಗಿತ್ತು. ವಿದೇಶೀ ಯಂತ್ರಕ್ಕೆ ಒಪ್ಪುವಂತೆ ಬರೆದ ಕ್ರಮವಿಧಿಯನ್ನು ಬೇರೆ ಜಾತಿಯ ಯಂತ್ರದ ಮೇಲೆ ಓಡಿಸುವುದು ನ್ಯಾಯವೇ ಎಂದು ಕೇಳಬಹುದಾಗಿತ್ತು. ನ್ಯಾಯವೆಂದೇ ನನ್ನ ಅಭಿಪ್ರಾಯ. ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ಕೂರಿಗೆಯಿಂದ ಬತ್ತ ಬಿತ್ತಿ ಮುಂಗಾರಿನ ದಾರಿ ಕಾಯುವ ಒಕ್ಕಲುಮಗನಿಗೆ ಬೇಕಾದುದು ನಾಳಿನ ಮಳೆಯ ಸುದ್ದಿ ಇಂದೇ ಕೈಸೇರುವುದು. ಯಂತ್ರದ ಗರಿಷ್ಠ ವೇಗವು ಅವನ ಹೊಲಕ್ಕೆ ಹನಿ ನೀರನ್ನೂ ತಾರದು. ಪ್ರೊಸೆಸರುಗಳು ಒಂದಕ್ಕೊಂದು ಕಾದು ನಿಲ್ಲುವ ಆ ತೊಡಕಿನಿಂದ ಪಾಠ ಕಲಿತ ಸಿನ್ಹಾ ಅವರ ತಂಡವು ಮುಂದೆ, ಪ್ರೊಸೆಸರುಗಳ ನಡುವಣ ಸಂದೇಶಗಳು ಹಾದುಹೋಗುವಾಗಲೇ ಅವುಗಳ ಮೊತ್ತವನ್ನು ಕೂಡಿಸುವ ಫ್ಲೋಸ್ವಿಚ್ ಎಂಬ ಸಾಧನವನ್ನು ನಿರ್ಮಿಸಿತು.

ಮಾರುಕಟ್ಟೆಯ ಪ್ರೊಸೆಸರುಗಳ ನಡುವೆಯೂ ವ್ಯಾಜ್ಯವು ನಿಲ್ಲಲಿಲ್ಲ. ಇಂಟೆಲ್‌ನ ಕಂಪೈಲರು ಅನ್ಯ ಕಂಪೆನಿಗಳ ಪ್ರೊಸೆಸರುಗಳಿಗೆ ಅಷ್ಟೇ ಅನುಕೂಲ ಒದಗಿಸದಿರಬಹುದೆಂಬುದನ್ನು ಬಳಸುವವರಿಗೆ ತಿಳಿಸಬೇಕೆಂದು 2010ರಲ್ಲಿ ಅಮೆರಿಕದ ವಾಣಿಜ್ಯ ಆಯೋಗದೊಡನೆ ಒಪ್ಪಂದವಾಯಿತು. ಮರುವರ್ಷ ಇಂಟೆಲ್‌ನ ಪ್ರತಿಸ್ಪರ್ಧಿ ಕಂಪೆನಿಯಾದ ಎಎಂಡಿ, ಸಿಸ್‌ಮಾರ್ಕ್ ಪರೀಕ್ಷೆಯ ಕಾರ್ಯಗಳ ಆಯ್ಕೆಯನ್ನು ಒಪ್ಪದೆ, ಅದನ್ನು ರಚಿಸುವ ಬ್ಯಾಪ್ಕೊ ಕೂಟವನ್ನು ತೊರೆಯಿತು.

ಗರಿಷ್ಠ ವೇಗಕ್ಕೂ ಪರೀಕ್ಷೆಯಲ್ಲಿ ಕಾಣುವ ವೇಗಕ್ಕೂ ನಡುವಣ ಅಂತರವು ಮುಂದೆಯೂ ಉಳಿಯಿತು. 2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಸ್ರಟಿ ಗಣಕವು ಜಗತ್ತಿನ ಅತಿವೇಗದ ಗಣಕಗಳ ಟಾಪ್500 ಪಟ್ಟಿಯಲ್ಲಿ 79ನೆಯ ಸ್ಥಾನ ಪಡೆದಾಗ, ಅದರ ಲೆಕ್ಕದ ಗರಿಷ್ಠ ಶಕ್ತಿ ಸುಮಾರು 1,244 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕಗಳು), ಲಿನ್‌ಪ್ಯಾಕ್‌ನಲ್ಲಿ ಕಂಡುಬಂದುದು ಸುಮಾರು 901. ಇಂಥ ಎರಡೂ ಅಂಕಿಗಳನ್ನೂ, ಅವುಗಳ ಪಕ್ಕದಲ್ಲಿಯೇ ಯಂತ್ರಕ್ಕೆ ಹೊರಿಸಿದ ಕೆಲಸದ ಹೆಸರನ್ನೂ ಅಚ್ಚಿಸಬೇಕೆಂದು ಗಣಕಗಳ ವಿಷಯ ಬರೆಯುವವರೆಲ್ಲರಲ್ಲಿ ವಿನಂತಿ.