ಹೊಳೆ ಮೀನು ಮತ್ತು 1897ರ ಕಾಯ್ದೆ

ಮುಂಗಾರಿನ ಮೊದಲ ನೆರೆಗೆ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆಯಿಡಲು ಹತ್ತಿ ಬರುತ್ತವೆ. ಕರಾವಳಿ, ಮಲೆನಾಡಿನ ಹಳ್ಳಿಗಳಲ್ಲಿ ಆ ರಾತ್ರಿಗಳೆಂದರೆ ಹಬ್ಬ. ಕೂಣಿ ಒಡ್ಡಿ, ಟಾರ್ಚು ಕತ್ತಿ ಹಿಡಿದು ಊರೇ ನೀರಿಗಿಳಿಯುತ್ತದೆ. ಹಿಡಿದದ್ದರಲ್ಲಿ ಬಹುಪಾಲು ಬಸುರಿ ಮೀನು.

ಇದರ ಮೇಲೆ ಸರಕಾರದ ಕಣ್ಣು ಬಿದ್ದದ್ದು ನಿನ್ನೆ ಮೊನ್ನೆಯಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಹೆನ್ರಿ ಸಲಿವನ್ ಥಾಮಸ್ ಎಂಬವರು ಇಲ್ಲಿ ಕಲೆಕ್ಟರಾಗಿದ್ದರು. ಸಣ್ಣ ಕಣ್ಣಿನ ಬಲೆ ಮತ್ತು ವಿಷದಿಂದ ಮರಿಮೀನುಗಳು ನಾಶವಾಗುತ್ತಿವೆ, ಇದರಿಂದ ಜನರ ಆಹಾರವೇ ಹಾಳಾಗುತ್ತಿದೆ ಎಂಬುದು ಅವರ ವಾದ. 1870ರಲ್ಲಿ ಈ ಜಿಲ್ಲೆಯ ಮೀನು ಕೃಷಿಯ ಕುರಿತು ಅವರ ವರದಿ ಪ್ರಕಟವಾಯಿತು. ಥಾಮಸರು ಗಾಳದ ಹುಚ್ಚಿನವರೂ ಹೌದು. 1873ರಲ್ಲಿ ಗಾಳದ ಬೇಟೆಯ ಬಗ್ಗೆ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನೇ ಬರೆದರು. ಬಡವನ ಬಲೆಯನ್ನು ಸಾಹೇಬರ ಗಾಳ ದೂರುತ್ತಿತ್ತು ಎಂದು ನಗಬಹುದು. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಅದೇ 1873ರಲ್ಲಿ ಮದರಾಸು ಸೇನೆಯ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ, ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ದೊಡ್ಡ ವರದಿ ಕೊಟ್ಟರು. ನೀರಾವರಿಯ ಅಣೆಕಟ್ಟುಗಳು ಮೀನಿನ ದಾರಿಯನ್ನು ಕಡಿಯುತ್ತವೆ ಎಂದೂ ಅವರು ಬರೆದಿದ್ದರು. ಅಣೆಕಟ್ಟು ಯಾರದು? ಸರಕಾರದ್ದೇ.

ಕಾನೂನು ಬರಲು ಇನ್ನೂ 24 ವರ್ಷ ಹಿಡಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯು ಸಿಡಿಮದ್ದು, ವಿಷ ಮತ್ತು ಸುಣ್ಣ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದಿತು. ಬಲೆಯ ಕಣ್ಣಿನ ಅಳತೆ, ಹಿಡಿಯಬಾರದ ತಿಂಗಳು ಇತ್ಯಾದಿಗಳಿಗೆ ನಿಯಮ ಮಾಡುವುದನ್ನು ಪ್ರಾಂತ ಸರಕಾರಗಳ ಇಷ್ಟಕ್ಕೆ ಬಿಟ್ಟಿತು. ಖಾಸಗಿ ನೀರಿಗೆ ಆ ನಿಯಮ ತಾಗಬೇಕಾದರೆ ಒಡೆಯನ ಲಿಖಿತ ಒಪ್ಪಿಗೆ ಬೇಕು! (ಮೀನು ಹಿಡಿಯಬಾರದ ದಿನವನ್ನು ಉಪಾಯದಿಂದ ದಾಟಿದ ಕಡಲತೀರದ ಊರಿನವರ ಕಥೆ ಕುರ್‌ಆನಿನ ಅಅ್‌ರಾಫ್ ಅಧ್ಯಾಯದಲ್ಲಿದೆ. ಇಲ್ಲಿ ಉಪಾಯವನ್ನು ಕಾನೂನೇ ಬರೆದುಕೊಟ್ಟಿತ್ತು.)

ಅಣೆಕಟ್ಟುಗಳಂತೂ ಏಳುತ್ತಲೇ ಹೋದವು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ಸಮುದ್ರದಿಂದ ಕಾವೇರಿಗೆ ಏರುತ್ತಿದ್ದ ಹಿಲ್ಸಾ ಮೀನಿನ ದಾರಿ ಅಲ್ಲಿಗೆ ಮುಚ್ಚಿತು. ಆ ಮೀನನ್ನು ನಂಬಿದ್ದ ಬೆಸ್ತರು ಯಾರ ಮೇಲೆ ದೂರು ಕೊಡಬೇಕಿತ್ತು?

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮಹಶೀರ್‌ಗಳನ್ನು ದೇವರ ಮೀನೆಂದು ಜನರೇ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಬಲೆಯೂ ಇಲ್ಲ, ಗಾಳವೂ ಇಲ್ಲ. 1996ರಲ್ಲಿ ಯಾರೋ ಆ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ವಿಷವನ್ನು ನಿಷೇಧಿಸಿದ ಕಾಯ್ದೆಗೆ ಆಗ 99 ವರ್ಷ. ಕರ್ನಾಟಕ ತನ್ನದೇ ಒಳನಾಡು ಮೀನುಗಾರಿಕೆ ಕಾಯ್ದೆಯನ್ನು ರೂಪಿಸಿದೆ. ಅದರ ಹೆಸರಿನಲ್ಲಿರುವ ಇಸವಿಯೂ 1996.