ಪ್ಯಾರಾಗ್ಲೈಡಿಂಗ್: ಒಂದು ಪರಿಚಯ

ಎಂಜಿನ್ನಿನ ನೆರವಿಲ್ಲದೆ, ಬಟ್ಟೆಯ ರೆಕ್ಕೆಯೊಂದನ್ನೇ ನಂಬಿ ಬೆಟ್ಟದ ಇಳಿಜಾರಿನಿಂದ ಓಡಿ ಹಾರುವ ಕ್ರೀಡೆ ಪ್ಯಾರಾಗ್ಲೈಡಿಂಗ್. 1978ರಲ್ಲಿ ಫ್ರಾನ್ಸಿನ ಆಲ್ಪ್ಸ್ ಸೀಮೆಯ ಮಿಯೂಸಿಯಲ್ಲಿ ಮೂವರು ಪ್ಯಾರಾಚೂಟ್ ಜಿಗಿತಗಾರರು ವಿಮಾನವೇರದೆ ಗುಡ್ಡದಿಂದಲೇ ಹಾರಿದರು. ಯುರೋಪಿನಲ್ಲಿ ಈ ಕ್ರೀಡೆ ಬೇರೂರಿದ್ದು ಅಲ್ಲಿಂದ.

ಹ್ಯಾಂಗ್ ಗ್ಲೈಡರಿಗಿರುವಂತೆ ಇದಕ್ಕೆ ಲೋಹದ ಚೌಕಟ್ಟಿಲ್ಲ. ಮುಂಭಾಗದ ತೆರೆದ ಬಾಯಿಗಳಿಂದ ಒಳನುಗ್ಗುವ ಗಾಳಿಯೇ ಕೋಶಗಳನ್ನು ಉಬ್ಬಿಸಿ ರೆಕ್ಕೆಗೆ ಆಕಾರ ಕೊಡುತ್ತದೆ. ಎಡಬಲದ ಬ್ರೇಕ್ ಹಗ್ಗಗಳನ್ನೆಳೆದು ಪೈಲಟ್ ಅದನ್ನು ತಿರುಗಿಸುತ್ತಾರೆ. ಸುತ್ತಣ ಗಾಳಿಗೆ ಹೋಲಿಸಿದರೆ ರೆಕ್ಕೆ ಸದಾ ಕೆಳಗಿಳಿಯುತ್ತಲೇ ಇರುತ್ತದೆ. ಆದರೂ ಗಂಟೆಗಟ್ಟಲೆ ಮೇಲುಳಿಯುವುದು ಹೇಗೆ? ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತುವುದು ಈ ಏರುಗಾಳಿಯಲ್ಲೇ. ಉಷ್ಣ ಸಂವಹನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗಂತೂ ಸಿಕ್ಕಿಲ್ಲ.

ಅದೇ ಏರುಗಾಳಿ ಉಗ್ರವಾದರೆ ರೆಕ್ಕೆಯ ಒಂದು ಬದಿ ಮಡಚಿ ಕುಸಿಯಬಹುದು. ಎತ್ತರದಲ್ಲಿದ್ದರೆ ಸರಿಪಡಿಸಿಕೊಳ್ಳಲು ಸಮಯವುಂಟು, ನೆಲದ ಸಮೀಪದಲ್ಲಿ ಇಲ್ಲ.

ಹಿಮಾಚಲದ ಬೀರ್-ಬಿಲ್ಲಿಂಗ್ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಸ್ಪರ್ಧೆಗೆ ನೆಲೆಯಾಯಿತು. ನಮ್ಮ ಕಾಸರಗೋಡಿನವರಿಗೆ ಕೇರಳದೊಳಗೇ ಇಡುಕ್ಕಿ ಜಿಲ್ಲೆಯ ವಾಗಮಣ್ ಇದೆ. ತರಬೇತಿಯಿಲ್ಲದವರು ಅನುಭವಿ ಪೈಲಟರೊಡನೆ ಜೋಡಿ ಹಾರಾಟ ಮಾಡಬಹುದು. ಮಕ್ಕಳನ್ನು ಕಳುಹಿಸುವ ಮೊದಲು ಪೈಲಟರ ಪರವಾನಗಿ, ಹೆಲ್ಮೆಟ್, ಮೀಸಲು ಪ್ಯಾರಾಚೂಟ್, ವಿಮೆ ಇವನ್ನು ಕೇಳಿಯೇ ತೀರಬೇಕು. ಒಪ್ಪಿಗೆ ಪತ್ರ ನಮಗೆ ತಿಳಿಯದ ಭಾಷೆಯಲ್ಲಿದ್ದರೆ ಓದಿಸಿ, ಅರ್ಥ ಕೇಳಿ, ಅನಂತರವೇ ಸಹಿ ಹಾಕೋಣ; ಸಂಕೋಚ ಬೇಡ. ಇಂದು ಗಾಳಿ ಸರಿಯಿಲ್ಲವೆಂದು ಪೈಲಟ್ ಹೇಳಿದರೆ, ಎಷ್ಟು ದೂರದಿಂದ ಬಂದಿದ್ದರೂ ಒತ್ತಾಯಿಸಬಾರದು.